ದೇಶಕ್ಕೆ ವಯಸ್ಸಾದರೆ ದುಡಿಯುವವರು ಯಾರು? ನೀವೇ ಲೆಕ್ಕ ಹಾಕಿ ನೋಡುವ ದಾರಿ

“ಜಪಾನ್ ಕಥೆ ಮುಗೀತು ಬಿಡಿ, ಅಲ್ಲಿ ಬರೀ ಮುದುಕರೇ ಇದ್ದಾರೆ.” “ನಮ್ಮದು ಯುವಕರ ದೇಶ, ನಮಗೇನು ಚಿಂತೆ?” ಜನಸಂಖ್ಯೆಯ ಮಾತು ಎತ್ತಿದರೆ ಸಾಕು, ಈ ಎರಡರಲ್ಲಿ ಒಂದು ಡೈಲಾಗ್ ಬಂದೇ ಬರುತ್ತದೆ. ಹೇಳುವವರು ಯಾರೂ ಲೆಕ್ಕ ಹಾಕಿ ನೋಡಿರುವುದಿಲ್ಲ. ಲೆಕ್ಕ ಏನೂ ಕಷ್ಟದ್ದಲ್ಲ, ಕೂಡಿಸೋದು ಭಾಗಿಸೋದು ಬಂದರೆ ಆಯ್ತು.

ಈ ಬರಹ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ, ಸಣ್ಣ ಕಾರ್ಖಾನೆಯೋ ತೋಟವೋ ನಡೆಸುವವರಿಗೆ, ಇಲ್ಲವೇ ಸುಮ್ನೆ ಪೇಪರ್ ಓದಿ ತಲೆ ಕೆಡಿಸಿಕೊಳ್ಳುವ ನನ್ನಂಥವರಿಗೆ. ಒಂದು ದೇಶದ ಜನರಿಗೆ ವಯಸ್ಸಾಗುತ್ತಾ ಹೋದರೆ ಅಲ್ಲಿನ ದುಡಿಮೆ, ಕಸುಬು, ತಿಳಿವಳಿಕೆ ಏನಾಗುತ್ತದೆ ಅಂತ ಹಂತ ಹಂತವಾಗಿ ನೋಡೋಣ. ಉದಾಹರಣೆಗೆ ಜಪಾನನ್ನೇ ಇಟ್ಟುಕೊಳ್ಳುತ್ತೇನೆ. ದೊಡ್ಡ ದೇಶಗಳಲ್ಲಿ ಈ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋಗಿರುವುದು ಅದೇ, ಅಂಕಿಗಳನ್ನೂ ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ನಡುನಡುವೆ ಕರ್ನಾಟಕಕ್ಕೂ ಬರುತ್ತೇನೆ, ಯಾಕಂದರೆ ನಾವೂ ಅದೇ ದಾರಿ ಹಿಡಿದಾಗಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮುದುಕರ ತಲೆ ಎಣಿಸಿದರೆ ಹೆಚ್ಚೇನೂ ಗೊತ್ತಾಗಲ್ಲ. ಕೆಲಸಕ್ಕೆ ಬರುವವರು ಎಷ್ಟು ಜನ, ಎಷ್ಟು ಗಂಟೆ ಮಾಡುತ್ತಾರೆ, ಅವರ ಕೈಯಲ್ಲಿರುವ ವಿದ್ಯೆ ಮುಂದಿನವರಿಗೆ ದಾಟುತ್ತದೋ ಇಲ್ಲವೋ ಅನ್ನೋದನ್ನ ನೋಡಬೇಕು.

ಹಂತ 1: ಗೆರೆ ಎಲ್ಲಿ ಎಳೆದಿದ್ದಾರೆ ನೋಡಿ

ಭಾರತದಲ್ಲಿ ಹಿರಿಯ ನಾಗರಿಕರು ಅಂದರೆ 60 ದಾಟಿದವರು. ಜಪಾನಿನ ಅಂಕಿಗಳಲ್ಲಿ, ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ಸಾಮಾನ್ಯವಾಗಿ 65. ಕೇರಳದ 60 ದಾಟಿದವರನ್ನು ಜಪಾನಿನ 65 ದಾಟಿದವರ ಜೊತೆ ಹೋಲಿಸಿ “ಅಯ್ಯೋ, ಕೇರಳವೂ ಜಪಾನ್ ಆಗಿಹೋಯ್ತು” ಅಂತ ಬರೆಯುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಯಾವುದೇ ಅಂಕಿ ಕಂಡರೂ ಮೊದಲು ವಯಸ್ಸಿನ ಗೆರೆ ಯಾವುದು, ಯಾವ ವರ್ಷದ ಅಂಕಿ ಅಂತ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ. ಇಷ್ಟು ಮಾಡಿದರೆ ವಾಟ್ಸಾಪ್‌ನಲ್ಲಿ ಬರುವ ಅರ್ಧಕ್ಕರ್ಧ ಮಾತು ಅಲ್ಲೇ ಬಿದ್ದುಹೋಗುತ್ತದೆ.

ಹಂತ 2: ಜನರನ್ನು ಮೂರು ಗುಂಪು ಮಾಡಿ

0–14 ಮಕ್ಕಳು. 15–64 ದುಡಿಯುವ ವಯಸ್ಸಿನವರು. 65 ದಾಟಿದವರು. ಇದೇ ಮೂರು ಗುಂಪು.

ಜಪಾನಿನಲ್ಲಿ ದುಡಿಯುವ ವಯಸ್ಸಿನವರು ಅತಿ ಹೆಚ್ಚು ಇದ್ದದ್ದು 1995ರಲ್ಲಿ, ಸುಮಾರು 8.7 ಕೋಟಿ. ಆಗ 65 ದಾಟಿದವರು 1.8 ಕೋಟಿ ಚಿಲ್ಲರೆ. ಭಾಗಿಸಿ ನೋಡಿ, ಒಬ್ಬ ಹಿರಿಯರಿಗೆ ಹತ್ತಿರ ಹತ್ತಿರ ಐದು ಜನ ದುಡಿಯುವ ವಯಸ್ಸಿನವರು. 2023ಕ್ಕೆ ಬನ್ನಿ. ದುಡಿಯುವ ವಯಸ್ಸಿನವರು 7.4 ಕೋಟಿಗೆ ಇಳಿದಿದ್ದಾರೆ, 65 ದಾಟಿದವರು 3.6 ಕೋಟಿಗೆ ಏರಿದ್ದಾರೆ. ಒಬ್ಬ ಹಿರಿಯರಿಗೆ ಇಬ್ಬರು. ಮೂವತ್ತು ವರ್ಷಕ್ಕೂ ಕಡಿಮೆ ಸಮಯದಲ್ಲಿ ಐದು ಹೋಗಿ ಎರಡಾಯಿತು.

ಇಲ್ಲಿ ಒಂದು ಮೋಜಿನ ವಿಷಯ ಇದೆ, ಪಠ್ಯಪುಸ್ತಕದಲ್ಲಿ ಯಾಕೋ ಇದನ್ನು ಒತ್ತಿ ಹೇಳುವುದಿಲ್ಲ. ಮಕ್ಕಳು ಮತ್ತು ಹಿರಿಯರು ಇಬ್ಬರನ್ನೂ ಸೇರಿಸಿ ದುಡಿಯುವ ವಯಸ್ಸಿನವರಿಂದ ಭಾಗಿಸಿದರೆ ಸಿಗುವುದಕ್ಕೆ ಅವಲಂಬನೆ ಅನುಪಾತ ಅಂತಾರೆ. 2023ರ ಜಪಾನಿನಲ್ಲಿ ಇದು ದುಡಿಯುವ ವಯಸ್ಸಿನ 100 ಜನಕ್ಕೆ ಸುಮಾರು 68. 1950ರ ಜಪಾನಿನಲ್ಲಿ ಎಷ್ಟಿತ್ತು? ಅದೂ ಸುಮಾರು 68! ಆದರೆ ಆಗ ಆ 68ರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮಕ್ಕಳು. ದೇಶದ ಜನರಲ್ಲಿ ಶೇ. 35ರಷ್ಟು 15ಕ್ಕಿಂತ ಚಿಕ್ಕವರಿದ್ದರು, 65 ದಾಟಿದವರು ಶೇ. 5 ಅಷ್ಟೇ. ಆ ಮಕ್ಕಳೇ ಬೆಳೆದು 1960, 70ರ ದಶಕದಲ್ಲಿ ಕಾರ್ಖಾನೆ ಸೇರಿದರು, ದೇಶ ಮೇಲೆದ್ದಿತು. ಈಗಿನ 68ರಲ್ಲಿ ಹೆಚ್ಚಿನವರು ಆ ಕಾರ್ಖಾನೆಗಳಿಂದ ಹೊರಗೆ ಬಂದವರು. ಹಾಗಾಗಿ ಈ ಅನುಪಾತ ಒಂದನ್ನೇ ಹಿಡಿದು ಯಾರಾದರೂ ವಾದ ಮಾಡಿದರೆ, ಅದರೊಳಗೆ ಮಕ್ಕಳೆಷ್ಟು, ಹಿರಿಯರೆಷ್ಟು ಅಂತ ಕೇಳಿ.

ಹಂತ 3: ವೇಗ ಅಳೆಯಿರಿ

65 ದಾಟಿದವರು ಶೇ. 7ರಿಂದ ಶೇ. 14ಕ್ಕೆ ಏರಲು ಎಷ್ಟು ವರ್ಷ ಹಿಡಿಯಿತು ಅನ್ನೋದು ಒಳ್ಳೆಯ ಅಳತೆ. ಫ್ರಾನ್ಸಿಗೆ ನೂರು ವರ್ಷಕ್ಕೂ ಜಾಸ್ತಿ ಬೇಕಾಯಿತು. ಜಪಾನ್ 1970ರಲ್ಲಿ ಶೇ. 7 ಮುಟ್ಟಿ, 1994ರಲ್ಲಿ ಶೇ. 14 ಮುಟ್ಟಿತು. ಈಗ ಶೇ. 29.

ಯಾಕಿಷ್ಟು ಬೇಗ? ಒಂದು ಕಡೆ ಆಯಸ್ಸು ಹೆಚ್ಚಿತು. ಇನ್ನೊಂದು ಕಡೆ ಮಕ್ಕಳು ಕಡಿಮೆಯಾದರು. ಯುದ್ಧ ಮುಗಿದ ಮೇಲೆ, 1947–49ರಲ್ಲಿ, ಅಲ್ಲಿ ವರ್ಷಕ್ಕೆ ಸುಮಾರು 27 ಲಕ್ಷ ಮಕ್ಕಳು ಹುಟ್ಟುತ್ತಿದ್ದರು. 2024ರಲ್ಲಿ ಹುಟ್ಟಿದ ಜಪಾನೀ ಮಕ್ಕಳು 6.86 ಲಕ್ಷ. ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.15 ಮಕ್ಕಳು. ಜನಸಂಖ್ಯೆ ಇದ್ದ ಹಾಗೇ ಇರಬೇಕಾದರೆ 2.1 ಬೇಕು.

ವೇಗ ಯಾಕೆ ಮುಖ್ಯ ಅಂದರೆ, ಪಿಂಚಣಿ ಕಾನೂನು, ಕಂಪನಿಯ ಸಂಬಳದ ಪದ್ಧತಿ, ಮನೆಯಲ್ಲಿ ಯಾರು ಯಾರನ್ನು ನೋಡಿಕೊಳ್ಳಬೇಕು ಅನ್ನೋ ರೂಢಿ, ಇವೆಲ್ಲ ಒಂದು ತಲೆಮಾರಿನಲ್ಲಿ ಬದಲಾಗುವುದು ಕಷ್ಟ. ನೂರು ವರ್ಷ ಸಿಕ್ಕವರು ನಿಧಾನಕ್ಕೆ ಹೊಂದಿಕೊಂಡರು. ಇಪ್ಪತ್ತನಾಲ್ಕು ವರ್ಷ ಸಿಕ್ಕವರು ಓಡಬೇಕಾಯಿತು.

ಹಂತ 4: ತಲೆ ಬಿಟ್ಟು ಕೈಗಳನ್ನು ಎಣಿಸಿ

ಬಹಳ ಜನ ಎಡವುವುದು ಇಲ್ಲೇ. ದುಡಿಯುವ ವಯಸ್ಸಿನಲ್ಲಿ ಇರುವುದು ಬೇರೆ, ದುಡಿಯುವುದು ಬೇರೆ. 15–64ರೊಳಗೆ ಕಾಲೇಜಿಗೆ ಹೋಗುವವರಿದ್ದಾರೆ, ಮನೆ ನೋಡಿಕೊಳ್ಳುವವರಿದ್ದಾರೆ, ಕೆಲಸ ಸಿಗದವರಿದ್ದಾರೆ. 65 ದಾಟಿದವರಲ್ಲಿ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವವರೂ ಇದ್ದಾರೆ.

ಹಾಗಾಗಿ ನಿಜವಾಗಿ ಕೆಲಸದಲ್ಲಿರುವವರ ಸಂಖ್ಯೆ ಹುಡುಕಿ. ಜಪಾನಿನಲ್ಲಿ 1995ರಲ್ಲಿ ಕೆಲಸದಲ್ಲಿದ್ದವರು ಸುಮಾರು 6.46 ಕೋಟಿ. 2023ರಲ್ಲಿ? 6.75 ಕೋಟಿ. ಜಾಸ್ತಿಯಾಗಿದೆ! ದುಡಿಯುವ ವಯಸ್ಸಿನವರು 1.3 ಕೋಟಿ ಕಡಿಮೆಯಾದರೂ ಕೆಲಸಗಾರರು ಮೂವತ್ತು ಲಕ್ಷದಷ್ಟು ಹೆಚ್ಚಿದ್ದಾರೆ. “ಕಥೆ ಮುಗೀತು” ಅನ್ನುವವರಿಗೆ ಈ ಒಂದು ಅಂಕಿ ತೋರಿಸಿ.

ಇದು ಹೇಗಾಯಿತು? ಮುಖ್ಯವಾಗಿ ಇಬ್ಬರಿಂದ. ಒಂದು, ಹೆಣ್ಣುಮಕ್ಕಳು. 15–64 ವಯಸ್ಸಿನ ಹೆಂಗಸರಲ್ಲಿ ಕೆಲಸದಲ್ಲಿರುವವರು 2012ರಲ್ಲಿ ಶೇ. 61ರಷ್ಟಿದ್ದರು, 2023ಕ್ಕೆ ಶೇ. 73 ಆದರು. ಎರಡು, ಹಿರಿಯರೇ. 65–69 ವಯಸ್ಸಿನವರಲ್ಲಿ ಇದೇ ಅವಧಿಯಲ್ಲಿ ಶೇ. 37ರಿಂದ ಶೇ. 52ಕ್ಕೆ ಏರಿತು. ಅಂದರೆ 67 ವರ್ಷದ ಇಬ್ಬರು ಜಪಾನೀಯರಲ್ಲಿ ಒಬ್ಬರು ಇನ್ನೂ ಕೆಲಸ ಮಾಡುತ್ತಿದ್ದಾರೆ.

ಹಿರಿಯರು ತಾವಾಗಿಯೇ ಬಂದದ್ದಲ್ಲ, ಕಾನೂನು ತಂದರು. ಕಂಪನಿಗಳು 60ಕ್ಕೆ ನಿವೃತ್ತಿ ಮಾಡುವುದು ಅಲ್ಲಿ ರೂಢಿ. 2006ರಿಂದ, 65ರವರೆಗೆ ಕೆಲಸ ಉಳಿಸಿಕೊಡಿ ಅಂತ ಕಂಪನಿಗಳಿಗೆ ಹಂತ ಹಂತವಾಗಿ ಕಟ್ಟುಪಾಡು ಬಂತು. ನಿವೃತ್ತಿ ವಯಸ್ಸು ಏರಿಸಬಹುದು, ನಿವೃತ್ತಿಯನ್ನೇ ತೆಗೆಯಬಹುದು, ಇಲ್ಲವೇ ನಿವೃತ್ತಿ ಮಾಡಿಸಿ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬಹುದು. ಹೆಚ್ಚಿನ ಕಂಪನಿಗಳು ಮೂರನೆಯದನ್ನೇ ಆರಿಸಿಕೊಂಡವು, ಯಾಕಂದರೆ ಹೊಸದಾಗಿ ತೆಗೆದುಕೊಂಡಂತೆ ಲೆಕ್ಕ, ಸಂಬಳ ಇಳಿಸಬಹುದು! 2021ರ ಏಪ್ರಿಲ್‌ನಿಂದ 70ರವರೆಗೆ ಪ್ರಯತ್ನ ಮಾಡಿ ಅಂತಲೂ ಸೇರಿಸಿದ್ದಾರೆ.

ಈ ಸಂಬಳದ ಜಗಳ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮೂವರು ಲಾರಿ ಚಾಲಕರು. 60 ಆದ ಮೇಲೆ ಅದೇ ಕಂಪನಿಗೆ ಮರಳಿ ಸೇರಿ ಅದೇ ಕೆಲಸ ಮಾಡಿದರು, ಸಂಬಳ ಮಾತ್ರ ಕಡಿಮೆ. 2018ರಲ್ಲಿ ಕೋರ್ಟ್ ಹೇಳಿದ್ದು: ನಿವೃತ್ತಿಯ ನಂತರ ಸಂಬಳ ಕಡಿಮೆ ಮಾಡುವುದೇ ತಪ್ಪು ಅಂತ ಹೇಳಲಾಗದು, ಆದರೆ ಒಂದು ದಿನವೂ ತಪ್ಪಿಸದೆ ಬಂದವರಿಗೆ ಕೊಡುವ ಹಾಜರಿ ಭತ್ಯೆಯನ್ನು ಇವರಿಗೆ ಮಾತ್ರ ಕೊಡದಿರುವುದು ಸರಿಯಲ್ಲ. ಅರ್ಧ ಗೆಲುವು. ಅದೇ ಸ್ಟೀರಿಂಗ್, ಅದೇ ರಸ್ತೆ, ಹುಟ್ಟಿದ ದಿನ ಕಳೆದ ಮಾತ್ರಕ್ಕೆ ಸಂಬಳ ಇಳಿದರೆ ಮನುಷ್ಯನಿಗೆ ಹೇಗನಿಸಬೇಡ ಹೇಳಿ?

ಹಂತ 5: ಗಂಟೆಗಳನ್ನೂ ಎಣಿಸಿ

ಇನ್ನೂ ಖುಷಿಪಡಬೇಡಿ. ಕೆಲಸಗಾರರು ಹೆಚ್ಚಿದರು ನಿಜ, ಒಬ್ಬೊಬ್ಬರು ಮಾಡುವ ಗಂಟೆ ಇಳಿಯಿತು. 1995ರಲ್ಲಿ ಒಬ್ಬ ಕೆಲಸಗಾರ ವರ್ಷಕ್ಕೆ ಸರಾಸರಿ 1,880 ಗಂಟೆಯ ಆಸುಪಾಸು ದುಡಿಯುತ್ತಿದ್ದ. 2023ರಲ್ಲಿ ಅದು 1,610ರ ಆಸುಪಾಸು. ಈಗ ಗುಣಿಸಿ: 6.46 ಕೋಟಿಯನ್ನು 1,880ರಿಂದ, 6.75 ಕೋಟಿಯನ್ನು 1,610ರಿಂದ. ಮೊದಲನೆಯದು 12,100 ಕೋಟಿ ಗಂಟೆಗೆ ಸ್ವಲ್ಪ ಹೆಚ್ಚು, ಎರಡನೆಯದು 10,900 ಕೋಟಿಗೆ ಸ್ವಲ್ಪ ಕಡಿಮೆ. ಜನ ಹೆಚ್ಚಾದರೂ ದೇಶದ ಒಟ್ಟು ದುಡಿಮೆ ಸುಮಾರು ಶೇ. 10 ಇಳಿದಿದೆ.

ಯಾಕಂದರೆ ಹೊಸದಾಗಿ ಬಂದ ಹೆಂಗಸರು, ಹಿರಿಯರು ಬಹಳ ಮಂದಿ ಅರೆಕಾಲಿಕ ಕೆಲಸದವರು. ಇದರ ಹಿಂದೆ ಕಾನೂನಿನದೇ ಒಂದು ಗೋಡೆ ಇದೆ. ಅಲ್ಲಿ ನೌಕರಿಯಲ್ಲಿರುವ ಗಂಡನ ವಿಮೆಯಡಿ ಹೆಂಡತಿಗೂ ರಕ್ಷಣೆ ಸಿಗುತ್ತದೆ, ಆದರೆ ಆಕೆಯ ವರ್ಷದ ಆದಾಯ 13 ಲಕ್ಷ ಯೆನ್ ದಾಟಿದರೆ ತಾನೇ ಕಂತು ಕಟ್ಟಬೇಕು. ಹಾಗಾಗಿ ಎಷ್ಟೋ ಹೆಂಗಸರು ವರ್ಷದ ಕೊನೆಯಲ್ಲಿ ಲೆಕ್ಕ ಹಾಕಿ ಡ್ಯೂಟಿ ಕಡಿಮೆ ಮಾಡಿಕೊಳ್ಳುತ್ತಾರೆ. ಜನ ಸಿಗುತ್ತಿಲ್ಲ ಅಂತ ಅಂಗಡಿಯವರು ಅಳುತ್ತಿರುವಾಗ, ಕೆಲಸ ಗೊತ್ತಿರುವವರನ್ನು ಕಾನೂನೇ ಮನೆಯಲ್ಲಿ ಕೂರಿಸುತ್ತಿದೆ. ಇದಕ್ಕಿಂತ ವಿಚಿತ್ರ ಬೇಕಾ?

ಗಂಟೆ ಇಳಿದದ್ದೆಲ್ಲ ಕೆಟ್ಟದ್ದು ಅಂತ ಮಾತ್ರ ತಿಳಿಯಬೇಡಿ. ಮೈಮುರಿಯುವ ಓವರ್‌ಟೈಮ್‌ಗೆ ಕಡಿವಾಣ ಬಿದ್ದದ್ದೂ ಒಂದು ಕಾರಣ. 2024ರ ಏಪ್ರಿಲ್‌ನಿಂದ ಲಾರಿ ಚಾಲಕರಿಗೂ ಓವರ್‌ಟೈಮ್ ವರ್ಷಕ್ಕೆ 960 ಗಂಟೆ ದಾಟಬಾರದು ಅಂತ ಮಿತಿ ಬಂತು. ಚಾಲಕರಿಗೇನೋ ಒಳ್ಳೆಯದೇ ಆಯಿತು. ಸರಕು ಸಾಗಿಸೋಕೆ ಜನ ಎಲ್ಲಿಂದ ತರೋದು ಅನ್ನೋ ಚಿಂತೆಯೂ ಅದರ ಜೊತೆಗೇ ಬಂತು.

ಹಂತ 6: ಕೈಯಲ್ಲಿರುವ ವಿದ್ಯೆ ಏನಾಗುತ್ತಿದೆ ನೋಡಿ

ಮಾನವ ಬಂಡವಾಳ ಅಂತ ಪುಸ್ತಕದಲ್ಲಿ ದೊಡ್ಡ ಹೆಸರಿದೆ. ಓದು, ಆರೋಗ್ಯ, ಅನುಭವ, ಕಸುಬು ಎಲ್ಲ ಸೇರಿ ಒಬ್ಬ ಮನುಷ್ಯನಿಂದ ಏನು ಕೆಲಸ ಆಗುತ್ತದೆ ಅನ್ನೋದು. ವಯಸ್ಸಾಗುವುದರ ನಿಜವಾದ ಪೆಟ್ಟು ಬೀಳುವುದು ಇಲ್ಲಿ, ನನ್ನ ಪ್ರಕಾರ. ಸಂಬಳದ ಪಟ್ಟಿಯಲ್ಲಿ ಅದು ಕಾಣುವುದಿಲ್ಲ.

ಮಲೆನಾಡಿನ ಅಡಿಕೆ ತೋಟಕ್ಕೆ ಬನ್ನಿ. ಶಿರಸಿ, ಸಿದ್ದಾಪುರದ ಕಡೆ ಕೊನೆ, ಅಂದರೆ ಅಡಿಕೆ ಗೊಂಚಲು, ಇಳಿಸುವವರಿಗೆ ಕೊನೆಗೌಡ ಅಂತಾರೆ. ಮರ ಹತ್ತುವುದು ಅವರ ವಿದ್ಯೆಯ ಅರ್ಧ ಭಾಗ ಅಷ್ಟೇ. ಒಂದು ಮರದ ತುದಿಯಿಂದ ಕೆಳಗಿಳಿಯದೆ ಪಕ್ಕದ ಮರ ಎಳೆದುಕೊಂಡು ದಾಟುವುದು, ಕೆಂಪಡಿಕೆಗಾದರೆ (ಹಸಿ ಕಾಯಿ ಬೇಯಿಸಿ ಮಾಡುವುದು) ಕಾಯಿ ಯಾವ ಹದದಲ್ಲಿರಬೇಕು, ಚಾಲಿಗಾದರೆ (ಹಣ್ಣಡಿಕೆ ಒಣಗಿಸಿ ಮಾಡುವುದು) ಎಷ್ಟು ಹಣ್ಣಾಗಬೇಕು ಅಂತ ಮೇಲೇ ಕುಳಿತು ತೀರ್ಮಾನ ಮಾಡುವುದು, ಮಳೆಗಾಲದಲ್ಲಿ ಒಂದು ಹೊಳವು (ಮಳೆ ಬಿಟ್ಟ ಹೊತ್ತು) ಸಿಕ್ಕ ಕೂಡಲೇ ಕೊಳೆ ರೋಗಕ್ಕೆ ಮದ್ದು ಹೊಡೆದು ಮುಗಿಸುವುದು. ಇದನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಅಪ್ಪನ ಹಿಂದೆ ಮಗ, ಮಾವನ ಹಿಂದೆ ಅಳಿಯ ಹೋಗಿ ಕಲಿತದ್ದು. ಈಗ ಹಳೆ ಕೊನೆಗೌಡರಿಗೆ ಮೊಣಕಾಲು ನೋವು, ಮಕ್ಕಳು ಬೆಂಗಳೂರಿನಲ್ಲಿ. ಜುಲೈ ತಿಂಗಳಲ್ಲಿ ತೋಟದವರು ಒಬ್ಬ ಕೊನೆಗೌಡನ ಫೋನಿಗಾಗಿ ಕಾಯುವುದನ್ನು ನೋಡಿದರೆ, ಕೌಶಲ್ಯದ ಕೊರತೆ ಅಂದರೇನು ಅಂತ ಯಾರೂ ವಿವರಿಸಬೇಕಾಗಿಲ್ಲ.

ಆಮೇಲೆ ಕಾರ್ಬನ್ ಫೈಬರ್ ದೋಟಿ ಬಂತು. ಅರವತ್ತು ಅಡಿಗೂ ಉದ್ದದ, ಹಗುರವಾದ ಕೋಲು. ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು, ಮದ್ದು ಹೊಡೆಯಬಹುದು. ಮರ ಹತ್ತಲು ಹೆದರುವ ಹುಡುಗರೂ ಈಗ ಈ ಕೆಲಸಕ್ಕೆ ಬಂದಿದ್ದಾರೆ, ಒಳ್ಳೆಯ ಕೂಲಿಯೂ ಇದೆ. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ದೋಟಿ ಏರುವ ಅಪಾಯವನ್ನು ತಪ್ಪಿಸಿತು, ಆದರೆ ಯಾವ ಕೊನೆ ಇವತ್ತು, ಯಾವುದು ಮುಂದಿನ ವಾರ ಅನ್ನೋ ಕಣ್ಣು ದೋಟಿಯ ಜೊತೆ ಬರುವುದಿಲ್ಲ. ಅದನ್ನು ಯಾರಾದರೂ ಪಕ್ಕದಲ್ಲಿ ನಿಂತು ಹೇಳಿಕೊಡಲೇಬೇಕು.

ಜಪಾನಿನಲ್ಲಿ ಇದೇ ಭಯಕ್ಕೆ ವರ್ಷದ ಹೆಸರೇ ಇಟ್ಟಿದ್ದರು, “2007ರ ಸಮಸ್ಯೆ” ಅಂತ. 1947ರಲ್ಲಿ ಹುಟ್ಟಿದ ದೊಡ್ಡ ಗುಂಪು 60 ಮುಟ್ಟಿದ್ದು ಆ ವರ್ಷ. ಕಾರ್ಖಾನೆಗಳ ಹಳೆ ಕೈಗಳೆಲ್ಲ ಒಟ್ಟಿಗೆ ಹೊರಟರೆ ಅಚ್ಚು ಕೊರೆಯುವವರು ಯಾರು, ಹಳೆ ಕಂಪ್ಯೂಟರ್ ವ್ಯವಸ್ಥೆಗಳನ್ನು ನಡೆಸುವವರು ಯಾರು ಅಂತ ಗಾಬರಿ. ಮರಳಿ ಕೆಲಸಕ್ಕೆ ತೆಗೆದುಕೊಳ್ಳುವ ಕಾನೂನಿನಿಂದ ಆ ಪೆಟ್ಟು ಮುಂದಕ್ಕೆ ಹೋಯಿತು. ತಪ್ಪಿಹೋಗಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೇ. 2025ರ ಹೊತ್ತಿಗೆ 70 ದಾಟುವ ಸಣ್ಣ, ಮಧ್ಯಮ ಉದ್ದಿಮೆಗಳ ಮಾಲೀಕರು ಸುಮಾರು 24.5 ಲಕ್ಷ, ಅವರಲ್ಲಿ ಅರ್ಧದಷ್ಟು ಮಂದಿಗೆ ಮುಂದೆ ಯಾರು ಅನ್ನೋದು ತೀರ್ಮಾನ ಆಗಿಲ್ಲ ಅಂತ ಅಲ್ಲಿನ ಸರ್ಕಾರವೇ ಅಂದಾಜು ಮಾಡಿತ್ತು. ಲಾಭದಲ್ಲಿರುವ ಅಂಗಡಿಗೂ ಬಾಗಿಲು ಬೀಳುವುದು ಹೀಗೆ.

ವಯಸ್ಸಾದವರ ಕೈ ನಿಧಾನ ಅನ್ನೋ ಮಾತಿಗೂ ಒಂದು ಉತ್ತರ ಇದೆ, ಜರ್ಮನಿಯದ್ದು. ಬಿಎಂಡಬ್ಲ್ಯು ಕಂಪನಿಯ ಡಿಂಗೊಲ್ಫಿಂಗ್ ಕಾರ್ಖಾನೆಯಲ್ಲಿ 2007ರಲ್ಲಿ ಒಂದು ಪ್ರಯೋಗ ಮಾಡಿದರು. ಹತ್ತು ವರ್ಷದ ನಂತರ ತಮ್ಮ ಕೆಲಸಗಾರರ ಸರಾಸರಿ ವಯಸ್ಸು 47 ಆಗುತ್ತದೆ ಅಂತ ಲೆಕ್ಕ ಹಾಕಿ, ಅದೇ ಸರಾಸರಿಯ ಒಂದು ತಂಡವನ್ನು ಒಂದು ಸಾಲಿನಲ್ಲಿ ನಿಲ್ಲಿಸಿ, ಏನೇನು ಬದಲಾಯಿಸಬೇಕು ಅಂತ ಅವರನ್ನೇ ಕೇಳಿದರು. ಸಿಮೆಂಟ್ ನೆಲದ ಬದಲು ಮರದ ನೆಲ ಹಾಕಿ ಅಂದರು, ಮಂಡಿಗೆ ಹಿತ. ಕುಳಿತು ಮಾಡುವ ಕೆಲಸಕ್ಕೆ ಕಟಿಂಗ್ ಶಾಪಿನಲ್ಲಿ ಇರುವಂಥ ಕುರ್ಚಿ ಕೊಡಿ ಅಂದರು. ಸಣ್ಣ ಭಾಗ ನೋಡಲು ಭೂತಗನ್ನಡಿ. ಹೀಗೆ 70 ಚಿಕ್ಕ ಚಿಕ್ಕ ಬದಲಾವಣೆ, ಖರ್ಚು ಒಟ್ಟು ಸುಮಾರು 40 ಸಾವಿರ ಯೂರೋ. ಒಂದು ವರ್ಷದಲ್ಲಿ ಆ ಸಾಲಿನ ಉತ್ಪಾದಕತೆ ಶೇ. 7 ಏರಿತು, ಕಿರಿಯರ ಸಾಲುಗಳಿಗೆ ಸಮವಾಯಿತು. ನಮ್ಮ ಗಾರ್ಮೆಂಟ್ಸ್‌ಗಳಲ್ಲಿ ನಲವತ್ತಾದರೆ ಸಾಕು, ಕಣ್ಣು ಹೋಯ್ತು ಅಂತ ಹೆಂಗಸರೇ ಕೆಲಸ ಬಿಡುತ್ತಾರಲ್ಲ, ಅಲ್ಲಿ ಒಂದು ಒಳ್ಳೆ ದೀಪ, ಒಂದು ಕನ್ನಡಕದ ಖರ್ಚು ಎಷ್ಟಾಗಬಹುದು?

ಹಂತ 7: ಮನೆಯೊಳಗೆ ಇಣುಕಿ

ಹಿರಿಯರು ಹೆಚ್ಚಾದಾಗ ಕೆಲಸ ಬಿಡುವವರು ಹಿರಿಯರು ಮಾತ್ರವಲ್ಲ, ಅವರನ್ನು ನೋಡಿಕೊಳ್ಳುವವರೂ ಬಿಡುತ್ತಾರೆ. ಜಪಾನಿನಲ್ಲಿ ಮನೆಯವರ ಆರೈಕೆಗಾಗಿ ವರ್ಷಕ್ಕೆ ಒಂದು ಲಕ್ಷದಷ್ಟು ಜನ ಕೆಲಸ ಬಿಡುತ್ತಾರೆ. 2000ನೇ ಇಸವಿಯಿಂದ ಅಲ್ಲಿ ಆರೈಕೆ ವಿಮೆ ಇದೆ, 40 ದಾಟಿದ ಎಲ್ಲರೂ ಕಂತು ಕಟ್ಟುತ್ತಾರೆ. ಅದಿದ್ದೂ ಈ ಪರಿಸ್ಥಿತಿ. ಬಿಡುವವರು ನಲವತ್ತು, ಐವತ್ತು ದಾಟಿದವರು, ಅಂದರೆ ಕೆಲಸದಲ್ಲಿ ಪಳಗಿದವರೇ ಹೆಚ್ಚು.

ನಮ್ಮಲ್ಲಿ ಅತ್ತೆ ಹಾಸಿಗೆ ಹಿಡಿದರೆ ಸೊಸೆ ಕೆಲಸ ಬಿಡುತ್ತಾಳೆ. ಅದನ್ನು ಯಾರೂ ಉದ್ಯೋಗ ನಷ್ಟ ಅಂತ ಬರೆದುಕೊಳ್ಳುವುದಿಲ್ಲ, ಮನೆ ಜವಾಬ್ದಾರಿ ಅಂತಾರೆ. ನೀವು ಲೆಕ್ಕ ಹಾಕುವಾಗ ದಯವಿಟ್ಟು ಬರೆದುಕೊಳ್ಳಿ.

ಹಂತ 8: ಹೊರಗಿನಿಂದ ಬರುವವರು

ಜಪಾನ್ ಬಹಳ ಕಾಲ ಬಾಗಿಲು ಅರ್ಧ ತೆರೆದಿಟ್ಟಿತ್ತು. ಕಲಿಯಲು ಬಂದವರು ಅಂತ ಹೆಸರಿಟ್ಟು 1993ರಿಂದ ಕೆಲಸಗಾರರನ್ನು ಕರೆಸಿಕೊಂಡರು. 2019ರಲ್ಲಿ ಕೆಲಸಕ್ಕಾಗಿಯೇ ಬರುವವರಿಗೆ ಹೊಸ ವೀಸಾ ತಂದರು. ಭಾರತದ ಜೊತೆಗೂ 2021ರಲ್ಲಿ ಅದರ ಒಪ್ಪಂದ ಆಗಿದೆ, ಭಾಷೆಯ ಪರೀಕ್ಷೆ ಪಾಸಾಗಬೇಕು. 2008ರಲ್ಲಿ 4.9 ಲಕ್ಷ ಇದ್ದ ವಿದೇಶಿ ಕೆಲಸಗಾರರು 2024ಕ್ಕೆ 23 ಲಕ್ಷ ಆಗಿದ್ದಾರೆ.

ಕರ್ನಾಟಕಕ್ಕೆ ಬರುವವರಿಗೆ ವೀಸಾ ಬೇಡ, ರೈಲು ಟಿಕೆಟ್ ಸಾಕು. ಕೊಡಗಿನ ಕಾಫಿ ತೋಟದಲ್ಲಿ ಅಸ್ಸಾಮಿನವರು, ಬೆಂಗಳೂರಿನ ಕಟ್ಟಡಗಳಲ್ಲಿ ಬಿಹಾರ, ಒಡಿಶಾದವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಿಹಾರದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 3 ಮಕ್ಕಳಿದ್ದರು, ನಮ್ಮಲ್ಲಿ 1.7. ಆ ವ್ಯತ್ಯಾಸವೇ ನಮ್ಮ ಕಟ್ಟಡಗಳನ್ನು ಎತ್ತುತ್ತಿದೆ ಅಂದರೆ ತಪ್ಪಾಗಲಿಕ್ಕಿಲ್ಲ. ಆದರೆ ಬಿಹಾರದ್ದೂ ಇಳಿಯುತ್ತಿದೆ. ಅಲ್ಲೇ ಒಳ್ಳೆ ಕೂಲಿ ಸಿಕ್ಕರೆ ಯಾರು ಎರಡು ದಿನ ರೈಲಲ್ಲಿ ನಿಂತು ಬರುತ್ತಾರೆ? ಇವತ್ತು ಬಂದವರ ಮಕ್ಕಳು ಇಲ್ಲಿನ ಶಾಲೆಗೆ ಸೇರಿ ಕನ್ನಡ ಕಲಿತು ಇಲ್ಲೇ ಬೇರೂರುತ್ತಾರೋ, ಗುತ್ತಿಗೆ ಮುಗಿದ ಕೂಡಲೇ ಶೆಡ್ ಖಾಲಿ ಮಾಡುತ್ತಾರೋ ಅನ್ನೋದು ಮುಂದಿನ ಇಪ್ಪತ್ತು ವರ್ಷದ ಪ್ರಶ್ನೆ.

ಹಂತ 9: ಕರ್ನಾಟಕಕ್ಕೆ ಇದೇ ಲೆಕ್ಕ ಹಾಕಿ

2011ರ ಜನಗಣತಿಯಲ್ಲಿ 60 ದಾಟಿದವರು ದೇಶದಲ್ಲಿ ಶೇ. 8.6, ಕರ್ನಾಟಕದಲ್ಲಿ 9.5, ಕೇರಳದಲ್ಲಿ 12.6. ಅಂಕಿ ಹಳೆಯದು, ಮುಂದಿನ ಜನಗಣತಿ ಆಗುವವರೆಗೆ ಅಂದಾಜುಗಳೇ ಗತಿ. ನಡುವೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾವಾರು ಪಟ್ಟಿಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಅದರಲ್ಲಿ 15ಕ್ಕಿಂತ ಚಿಕ್ಕವರು ಶೇಕಡ ಎಷ್ಟು ಅಂತ ಒಂದು ಸಾಲು ಇರುತ್ತದೆ. ಉಡುಪಿಯದ್ದು, ಯಾದಗಿರಿಯದ್ದು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ರಾಜ್ಯದೊಳಗೆ ಎರಡು ದೇಶ ಇದ್ದ ಹಾಗಿದೆ. ಒಂದು ಕಡೆ ಮಕ್ಕಳಿಲ್ಲದೆ ಶಾಲೆ ಮುಚ್ಚುವ ಮಾತು, ಇನ್ನೊಂದು ಕಡೆ ಮಕ್ಕಳಿಗೆ ಸಾಕಷ್ಟು ಮೇಷ್ಟರಿಲ್ಲ ಅನ್ನೋ ಮಾತು. ಕರಾವಳಿಯ ನಾಳಿನ ಕೆಲಸಗಾರರು ಇವತ್ತು ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಕೂತಿದ್ದಾರೆ. ಅವರಿಗೆ ಸರಿಯಾಗಿ ಓದು ಬರಹ ಕಲಿಸುವುದು ಇಡೀ ರಾಜ್ಯದ ಪಿಂಚಣಿಯ ವಿಷಯ ಅಂತ ನನಗನಿಸುತ್ತದೆ.

ಕೆಲಸದ ಅಂಕಿಗೆ ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆ ನೋಡಿ, ಪಿಎಲ್‌ಎಫ್‌ಎಸ್ ಅಂತ ಹುಡುಕಿದರೆ ಸಿಗುತ್ತದೆ. ಅಲ್ಲಿ ಒಂದು ಎಚ್ಚರ. ದೇಶದಲ್ಲಿ 15 ತುಂಬಿದ ಹೆಂಗಸರಲ್ಲಿ ಕಾರ್ಮಿಕ ಬಲದಲ್ಲಿರುವವರು, ಅಂದರೆ ಕೆಲಸ ಮಾಡುವ ಇಲ್ಲವೇ ಹುಡುಕುವವರು, 2017–18ರಲ್ಲಿ ಶೇ. 23 ಇದ್ದದ್ದು 2023–24ಕ್ಕೆ ಶೇ. 42ರ ಹತ್ತಿರ ಬಂದಿದೆ. ಕೇಳೋಕೆ ಚೆನ್ನಾಗಿದೆ. ಆದರೆ ಅದರಲ್ಲಿ ಸ್ವಂತ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳ ಇಲ್ಲದೆ ದುಡಿಯುವವರು ಬಹಳ. ಎಷ್ಟು ಜನ ಅಂತ ನೋಡಿದ ಮೇಲೆ ಯಾವ ಕೆಲಸ ಅಂತಲೂ ನೋಡಿ.

ಹಿರಿಯರ ದುಡಿಮೆಗೂ ಇದೇ ಮಾತು. 68 ವರ್ಷದವರು ಕೆಲಸ ಮಾಡುತ್ತಿದ್ದಾರೆ ಅನ್ನೋ ಒಂದೇ ಅಂಕಿಗೆ ಎರಡು ಊರಲ್ಲಿ ಎರಡು ಅರ್ಥ. ಟೋಕಿಯೋದಲ್ಲಿಯೂ ಪಿಂಚಣಿ ಸಾಲದೆ ದುಡಿಯುವವರಿದ್ದಾರೆ, ಇಲ್ಲ ಅಂತಲ್ಲ. ಆದರೆ ನಮ್ಮಲ್ಲಿ ಸಂಧ್ಯಾ ಸುರಕ್ಷಾ ಅಂದರೆ ತಿಂಗಳಿಗೆ 1,200 ರೂಪಾಯಿ. ಭವಿಷ್ಯನಿಧಿ ಪಿಂಚಣಿಯ ಕನಿಷ್ಠ ಮೊತ್ತ 2014ರಿಂದ 1,000 ರೂಪಾಯಿಯಲ್ಲೇ ನಿಂತಿದೆ. ಕೂಲಿ ಮಾಡುವವರಿಗೆ ನಿವೃತ್ತಿ ಅನ್ನೋ ದಿನವೇ ಬರುವುದಿಲ್ಲ. ಅವರು ದುಡಿಯುತ್ತಿದ್ದಾರೆ ಅಂತ ಚಾರ್ಟಿನಲ್ಲಿ ಹಸಿರು ಬಣ್ಣ ಬಳಿಯುವ ಮೊದಲು ಯೋಚಿಸಿ.

ಹಂತ 10: ನಿಮ್ಮ ಜಾಗದ್ದೇ ಒಂದು ಪಟ್ಟಿ ಮಾಡಿ

ದೇಶದ ಲೆಕ್ಕ ಆಯಿತು. ಈಗ ನಿಮ್ಮ ವರ್ಕ್‌ಶಾಪ್, ಸಹಕಾರ ಸಂಘ, ತೋಟ, ಪಂಚಾಯಿತಿ ಯಾವುದಾದರೂ ಸರಿ, ಒಂದು ನೋಟ್‌ಬುಕ್ ತೆಗೆದುಕೊಂಡು ಐದು ಕಾಲಂ ಎಳೆಯಿರಿ. ಹೆಸರು, ವಯಸ್ಸು, ಕೆಲಸ ಬಿಡಬಹುದಾದ ವರ್ಷ, ಇವರಿಗೆ ಮಾತ್ರ ಗೊತ್ತಿರುವುದು, ಅದನ್ನು ಕಲಿಯುತ್ತಿರುವವರು. ಮೊದಲ ಮೂರು ಹತ್ತು ನಿಮಿಷದಲ್ಲಿ ತುಂಬುತ್ತವೆ. ನಾಲ್ಕನೆಯದನ್ನು ತುಂಬಲು ಅವರ ಜೊತೆ ಕೂತು ಮಾತಾಡಬೇಕು, ಯಾಕಂದರೆ ತಮಗೆ ಏನು ಗೊತ್ತು ಅಂತ ಅವರಿಗೇ ಗೊತ್ತಿರುವುದಿಲ್ಲ. ಐದನೆಯದು ಬಹಳ ಕಡೆ ಖಾಲಿ ಇರುತ್ತದೆ.

ಹಳ್ಳಿಯ ನೀರುಗಂಟಿಯನ್ನೇ ತೆಗೆದುಕೊಳ್ಳಿ. ಯಾವ ಓಣಿಗೆ ಯಾವ ವಾಲ್ವ್, ಹಳೆ ಪೈಪ್ ಯಾರ ಮನೆ ಕಟ್ಟೆಯ ಕೆಳಗೆ ಹೋಗಿದೆ, ಬೇಸಿಗೆಯಲ್ಲಿ ಯಾವ ಬೋರ್‌ವೆಲ್ ಎಷ್ಟು ಹೊತ್ತು ಓಡಿಸಿದರೆ ಮೋಟಾರ್ ಸುಡುವುದಿಲ್ಲ, ಎಲ್ಲ ಅವರ ತಲೆಯಲ್ಲಿ. ನಕ್ಷೆ ಎಲ್ಲೂ ಇಲ್ಲ. ಇಂಥವರು ಬಿಡುವ ದಿನ ಶಾಲು ಹೊದಿಸಿ ಫೋಟೋ ತೆಗೆಸುವುದು ಇರಲಿ, ಕನಿಷ್ಠ ಒಂದು ಬೇಸಿಗೆ ಒಂದು ಮಳೆಗಾಲ ಹೊಸ ಹುಡುಗನನ್ನು ಅವರ ಜೊತೆ ಓಡಾಡಿಸಿ. ಇಬ್ಬರಿಗೂ ಸಂಬಳ ಕೊಡಿ, ಕಲಿಸುವುದಕ್ಕೆ ಹಿರಿಯರಿಗೆ ಮೇಲೊಂದಿಷ್ಟು ಸೇರಿಸಿ. ಪುಕ್ಕಟೆ ಕಲಿಸಿ ತನ್ನ ಜಾಗ ತಾನೇ ಬಿಟ್ಟುಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ, ಬರಬೇಕು ಅಂತ ನಿರೀಕ್ಷಿಸುವುದೂ ನ್ಯಾಯ ಅಲ್ಲ. ಪ್ರತಿ ವಾಲ್ವ್ ಹತ್ತಿರ ನಿಂತು ಮೊಬೈಲಿನಲ್ಲಿ ಜಾಗ ಗುರುತು ಹಾಕಿ, ಫೋಟೋ ತೆಗೆದು, ಅವರು ಹೇಳಿದ್ದನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿ. ಆ ಫೈಲ್ ಹುಡುಗನ ಫೋನಿನಲ್ಲಿ ಮಾತ್ರ ಇರಬಾರದು, ಪಂಚಾಯಿತಿ ಕಂಪ್ಯೂಟರಿಗೂ ಹಾಕಿಡಿ. ಆ ಹುಡುಗನೂ ಎರಡು ವರ್ಷಕ್ಕೆ ಬೆಂಗಳೂರಿನ ಬಸ್ ಹತ್ತಬಹುದು.